ತುಳಸಿ ಹೊತ್ತ ಕುಂಡ

ಮಾಘದ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಊಟ ಮುಗಿಸಿ ಎಲ್ಲರೂ ಅಡ್ಡಾದ ಮಧ್ಯಾಹ್ನದ ಹೊತ್ತು, ಅರಸೀಕೆರೆಯ ಒಂದು ಬಾಡಿಗೆ ಮನೆಯ ತಾರಸಿಯ ಮೇಲೆ ನಾನು ಹುಟ್ಟಿದೆ. ನಾನೊಂದು ಸಿಮೆಂಟಿನ ಕುಂಡ. ನನ್ನನ್ನು ಮಾಡಿದವಳು ಆ ಮನೆಯ ಸೊಸೆ ವನಜಾಕ್ಷಿ.

ಬಿಸಾಡುವ ಡಬ್ಬಿ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಐಸ್‌ಕ್ರೀಮಿನ ಬಟ್ಟಲಿಗೆ ಸಿಮೆಂಟು ಸುರಿದು ದೀಪ ಇಡುವ ತಟ್ಟೆ, ಮೊಸರಿನ ಡಬ್ಬಿಯಲ್ಲಿ ಪುಟ್ಟ ಕುಂಡ, ಹೀಗೆ ಮಾಡಿ ಮಾಡಿ ಕಿಟಕಿಯುದ್ದಕ್ಕೂ ಜೋಡಿಸಿದ್ದಳು. ಅತ್ತೆ ಪುಟ್ಟಗೌರಮ್ಮ, "ಮಾಡಕ್ಕೆ ಬೇರೆ ಕೆಲ್ಸ ಬದುಕಿಲ್ವೇನೆ? ಗಾರೆ ಕೆಲಸದೋರ ಮನೇಲಿ ಹುಟ್ಬೇಕಿತ್ತು ನೀನು" ಎಂದು ಮೂತಿ ತಿರುವುತ್ತಿದ್ದರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕೆಂಬುದೇ ವನಜಾಕ್ಷಿಯ ಆಸೆ. ಅತ್ತೆ ಊರಿನಿಂದ ತಂದ ತುಳಸಿ ಪ್ಲಾಸ್ಟಿಕ್ ಚೀಲದಲ್ಲೇ ಬಾಡುತ್ತಿತ್ತು. ಅದಕ್ಕೊಂದು ದೊಡ್ಡ ಕುಂಡ ಮಾಡಿಬಿಡೋಣ ಎಂದುಕೊಂಡಳು.

ದೊಡ್ಡ ಅಚ್ಚು ಬೇಕಲ್ಲ? ಬಿಡುವಾಗಿದ್ದುದು ಒಂದೇ, ಅಂಚು ಸೀಳಿ ಮೂಲೆ ಸೇರಿದ್ದ ಕಕ್ಕಸಿನ ಬಕೆಟ್ಟು. ಅದನ್ನು ಸೋಪಿನಪುಡಿ ಹಾಕಿ ತಿಕ್ಕಿದಳು, ಬಿಸಿಲಿಗಿಟ್ಟಳು, ಮತ್ತೆ ತಿಕ್ಕಿದಳು. ಒಳಗೆಲ್ಲ ಎಣ್ಣೆ ಸವರಿ, ನೀರು ಇಳಿಯಲೆಂದು ಪರಂಗಿ ಎಲೆಯ ದಂಟಿನ ತುಂಡು ನಿಲ್ಲಿಸಿ, ತಳಕ್ಕೆ ಗಾರೆ ಹರಡಿದಳು. ನಡುವೆ ಕಲ್ಲು ತುಂಬಿದ ಬಣ್ಣದ ಡಬ್ಬಿ ಇಟ್ಟು ಸುತ್ತಲೂ ತುಂಬಿದಳು. ಮರುದಿನ ಬೋರಲು ಹಾಕಿ ತಟ್ಟಿದಾಗ ನಾನು ನುಣ್ಣಗೆ ಜಾರಿಬಂದೆ.

ಪುಟ್ಟಗೌರಮ್ಮ ನನ್ನನ್ನು ಸವರಿ ನೋಡಿದರು. "ಪರ್ವಾಗಿಲ್ವಲ್ಲೇ! ಯಾವುದ್ರಲ್ಲಿ ಹುಯ್ದೆ?"

"ಬಣ್ಣದ ಬಕೇಟ್ನಲ್ಲಿ, ಅತ್ತೆ."

ಆ ಸುಳ್ಳಿಗೆ ನಾನು ಒಳಗೊಳಗೇ ಕುಗ್ಗಿದೆ. ತುಳಸಿ ನನ್ನೊಳಗೆ ಬೇರು ಬಿಟ್ಟಳು. ಬೆಳಗಾದರೆ ಮಿಂದು ಬಂದ ಪುಟ್ಟಗೌರಮ್ಮ ನನಗೆ ಅರಿಸಿನ ಕುಂಕುಮ ಇಟ್ಟು, ಸುತ್ತು ಬಂದು ಕೈಮುಗಿಯುತ್ತಿದ್ದರು. ಅವರ ಬೆರಳು ಮುಟ್ಟಿದಾಗೆಲ್ಲ ಮುಖ ಎಲ್ಲಿಡಲಿ ಅನಿಸುತ್ತಿತ್ತು. ವನಜಾಕ್ಷಿಯೂ ಆ ಹೊತ್ತಿಗೆ ತಾರಸಿಗೆ ಬರುತ್ತಿರಲಿಲ್ಲ.

ಒಂದು ದಿನ ಪುಟ್ಟಗೌರಮ್ಮ ಪಕ್ಕದ ಮನೆಯ ಯಶೋದಮ್ಮನನ್ನು ಕರೆತಂದರು. "ನೋಡಿ, ನಮ್ಮ ವನಜ ಮಾಡಿದ್ದು. ಅಂಗ್ಡೀಲಿ ಸಿಗುತ್ತಾ ಇಂಥದ್ದು?" ಮದುವೆಯಾದಾಗಿನಿಂದ ಆ ಮಾತಿಗೆ ಕಾದಿದ್ದ ಸೊಸೆ ತಲೆ ಎತ್ತಲಿಲ್ಲ.

"ಇದನ್ನ ಹುಯ್ದ ಬಕೇಟು ಕೊಡವ್ವ, ನಾನೂ ಒಂದು ಹುಯ್ಕೊತೀನಿ" ಎಂದರು ಯಶೋದಮ್ಮ.

"ಅದು... ಬಿಸಾಕ್ಬಿಟ್ಟೆ ಅಕ್ಕ."

"ಬಿಸಾಕೋಳೇನೇ ನೀನು! ಒಡೆದ ಮಗ್ಗೂ ಎತ್ತಿಟ್ಕೊಳೋಳು" ಎಂದು ನಗುತ್ತ ಅತ್ತೆಯೇ ನೀರಿನ ಟ್ಯಾಂಕಿನ ಹಿಂದಿದ್ದ ಗೋಣಿಚೀಲ ಎಳೆದು ಬಿಚ್ಚಿದರು. ಒಳಗೆ ಸಿಮೆಂಟು ಮೆತ್ತಿದ ಬಕೆಟ್ಟು. ಅದರ ಹಿಡಿಯಲ್ಲಿ ಕೆಂಪು ಚಿಂದಿ. ಕಕ್ಕಸಿನದು ಬೇರೆಯದರ ಜೊತೆ ಬೆರೆಯಬಾರದೆಂದು ಅದನ್ನು ಕಟ್ಟಿದವರು ಅವರೇ.

ನಗು ಅಲ್ಲೇ ನಿಂತಿತು. ಚೀಲದ ಬಾಯಿ ಮುಚ್ಚಿ, "ಸೀಳೋಗಿದೆ ಕಣ್ರೀ, ನಿಮಗೆ ಬೇರೆ ನೋಡೋಣ" ಎಂದು ಯಶೋದಮ್ಮನನ್ನು ಕೆಳಕ್ಕೆ ಕಳಿಸಿದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತುಳಸಿಯನ್ನು ಮಣ್ಣು ಸಮೇತ ಎತ್ತಿ ಎಣ್ಣೆಯ ಟಿನ್ನಿಗೆ ಹಾಕಿ, ತಲೆಗೆ ನೀರು ಹುಯ್ದುಕೊಂಡರು.

"ತೊಳ್ದಿದ್ದೆ ಅತ್ತೆ, ಎರಡೆರಡು ಸಲ ತೊಳ್ದಿದ್ದೆ" ಎಂದು ಸೊಸೆ ಹಿಂದೆ ಹಿಂದೆಯೇ ಹೋದಳು.

"ತೊಳ್ದಿದ್ದು ಸರಿ. ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಅಷ್ಟೇ. ಅವಳು ಬಡಿಸಿದ್ದನ್ನು ಆಮೇಲೆ ಅವರು ಉಣ್ಣಲಿಲ್ಲ, ತಾವೇ ಬೇಯಿಸಿಕೊಂಡರು. ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ನಡುವೆ ನಿಂತು ಮಾತಾಡುವವರು ಯಾರೂ ಇರಲಿಲ್ಲ.

ನನ್ನನ್ನು ಕೆಳಗೆ, ಮುಂಬಾಗಿಲ ಮಗ್ಗುಲಿನ ಕಕ್ಕಸಿನ ಎದುರಿಗೆ ತಂದಿಟ್ಟರು. ಪೊರಕೆ ಹೊತ್ತುಕೊಂಡು ಈಗಲೂ ಅಲ್ಲೇ ಇದ್ದೇನೆ. ಅಂಚು ಉದುರಿದೆ, ಮೈಗೆ ಪಾಚಿ ಹತ್ತಿದೆ. ಈ ಜಾಗ ನನಗೆ ಅವಮಾನವಲ್ಲ. ಅರಿಸಿನ ಹಚ್ಚಿಸಿಕೊಂಡ ಬೆಳಗುಗಳು ನೆನಪಾದಾಗ ಮಾತ್ರ ನಾಚಿಕೆ. ಪುಟ್ಟಗೌರಮ್ಮ ಪೊರಕೆಗೆಂದು ಬಂದವರು ಒಮ್ಮೊಮ್ಮೆ ನನ್ನತ್ತ ನೋಡದೆ ಸುಮ್ಮನೆ ನಿಲ್ಲುತ್ತಾರೆ. ಅವರದೂ ನಾಚಿಕೆಯೇ ಇರಬೇಕು.

ನಾನು ಕೆಳಗಿಳಿದ ಆ ವಾರವೇ ಸೊಸೆ ತವರಿಗೆಂದು ಬಟ್ಟೆಯ ಚೀಲ ಹಿಡಿದು ಬಾಗಿಲಿಗೆ ಬಂದಳು. ಮನೆಯ ಹೆಣ್ಣುಮಕ್ಕಳನ್ನು ಯಾರೂ ಹೊರಡಿಸದ ದಿನ ಅದು. "ಹೋಗ್ಬರ್ತೀನಿ ಅತ್ತೆ" ಎಂದಳು. ಇವತ್ತು ಬೇಡ ಕಣೇ ಅನ್ನುತ್ತಾರೇನೋ ಎಂದು ಚಪ್ಪಲಿ ಮೆಟ್ಟುವುದನ್ನು ತಡ ಮಾಡಿದಳು. ಅತ್ತೆ ಅನ್ನಲಿಲ್ಲ. ವನಜಾಕ್ಷಿ ಹೋದದ್ದು ಶುಕ್ರವಾರ.