ದಿಣ್ಣೆಯ ಮೇಲೆ ನಿಂತ ಚುಕ್ಕಿ

ಬೂದಿಗೆರೆಯ ನಿವೃತ್ತ ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರಿಗೆ ಹ್ಯಾಮ್ ರೇಡಿಯೊ ಹುಚ್ಚು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಊರೂರಿನವರೊಡನೆ ರೇಡಿಯೊದಲ್ಲಿ ಮಾತಾಡುವ ಹುಚ್ಚು. ಸ್ಕೂಟರಿಗೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡಿದ್ದರು. ಎರಡು ನಿಮಿಷಕ್ಕೊಮ್ಮೆ ಅದು ತಾನೆಲ್ಲಿದ್ದೇನೆಂದು ರೇಡಿಯೊದಲ್ಲಿ ಸಾರುತ್ತಿತ್ತು. ಇಂಟರ್ನೆಟ್ಟಿನ ನಕ್ಷೆಯಲ್ಲಿ ಕೆಂಪು ಚುಕ್ಕಿಯಾಗಿ ಕಾಣುತ್ತಿತ್ತು. ಮೇಷ್ಟ್ರು ಸೊಪ್ಪು ತರಲು ಹೊರಟರೂ ಫಿನ್‌ಲೆಂಡಿನ ರೇಡಿಯೊ ಗೆಳೆಯನಿಗೆ ಗೊತ್ತಾಗುತ್ತಿತ್ತು. ಹೆಂಡತಿ ಸೊಣ್ಣಮ್ಮನಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ಈ ವಿದ್ಯೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಅವರು ಟೀ ಅಂಗಡಿಯಲ್ಲಿ ಮೊಬೈಲ್ ತೆರೆದು ಎಲ್ಲರಿಗೂ ತೋರಿಸಿದರು. ಯಾರೂ ಮೂಸಿ ನೋಡಲಿಲ್ಲ, ಜಮೀನು ಬ್ರೋಕರ್ ಬೈರಣ್ಣನೊಬ್ಬನ ಹೊರತು. ವಿಮಾನ ನಿಲ್ದಾಣ ಬಂದಮೇಲೆ ನಮ್ಮ ಕಡೆ ನಕ್ಷೆಯ ಮೇಲೆ ನೊಣ ಕೂತರೂ ಎಕರೆಯ ರೇಟು ಏರುತ್ತದೆ. ಚುಕ್ಕಿ ದಿನಾ ಒಂದೊಂದು ಗಂಟೆ ನರಸಮ್ಮನ ರಾಗಿ ಹೊಲದ ದಿಣ್ಣೆಯಲ್ಲಿ ನಿಲ್ಲುವುದನ್ನು ಬೈರಣ್ಣ ಕಂಡುಹಿಡಿದ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ಮೇಷ್ಟ್ರು ನಿಲ್ಲುತ್ತಿದ್ದರು, ಅಷ್ಟೇ. ಬೈರಣ್ಣನ ತಲೆಯಲ್ಲಿ ಅದು ಸರ್ಕಾರದ ಗುಟ್ಟಿನ ಸರ್ವೆ.

ವಾರದೊಳಗೆ ದಿಣ್ಣೆಯ ಸುತ್ತ ಕೊಳ್ಳುವವರ ಕಾರುಗಳು ಸಾಲುಗಟ್ಟಿದವು. ನರಸಮ್ಮ ಗಂಡ ಸತ್ತ ಹೆಂಗಸು, ಆಕೆಗಿದ್ದದ್ದು ಅದೊಂದೇ ಹೊಲ. ಮೈದುನ ಅಪ್ಪಯ್ಯಣ್ಣ ಬಂದು, "ಸೋಮವಾರ ಅಗ್ರಿಮೆಂಟಿಗೆ ಹೆಬ್ಬೆಟ್ಟು ಒತ್ಬಿಡು ಅತ್ತಿಗೆ, ಇಲ್ದಿದ್ರೆ ಸರ್ಕಾರದೋರು ಕಿತ್ಕೊಂತಾರೆ" ಎಂದು ಪಟ್ಟು ಹಿಡಿದ.

ಸುದ್ದಿ ಮೇಷ್ಟ್ರ ಕಿವಿಗೂ ಬಿತ್ತು. ತಾನು ಮೆರೆಯಲು ಹೋಗಿ ಬಡವಿಯ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ನಾಚಿಕೆಯಾಯಿತು. ಬೈರಣ್ಣನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು.

"ಏನ್ ಸಾ, ನಮ್ ಕಿವಿ ಮೇಲೇ ಹೂವ ಇಡ್ತೀರಾ? ಸುಮ್‌ಸುಮ್ನೆ ಯಾರಾದ್ರೂ ಬಿಸ್ಲಲ್ಲಿ ದಿಣ್ಣೆ ಮೇಲೆ ನಿಂತ್ಕಂತಾರಾ?" ಎಂದ ಬೈರಣ್ಣ.

ಮೇಷ್ಟ್ರು ಪೆಟ್ಟಿಗೆಯನ್ನು ಆಫ್ ಮಾಡಿದರು. ಚುಕ್ಕಿ ಮಾಯವಾದದ್ದೇ ತಡ, "ಗೌರ್ಮೆಂಟ್ನೋರು ಮುಚ್ಚಿಟ್ಬಿಟ್ರು, ಪಕ್ಕಾ ಆಯ್ತು!" ಎಂದು ಬೈರಣ್ಣ ಇನ್ನೂ ಎರಡು ಕಾರು ಕರೆತಂದ.

ಭಾನುವಾರ ಬೆಳಿಗ್ಗೆ ನರಸಮ್ಮ ಹಸು ಹಿಡಿದುಕೊಂಡು ಮೇಷ್ಟ್ರ ಮನೆಗೆ ಬಂದಳು. "ಆ ಡಬ್ಬಿನ ಇವ್ಳ ಕತ್ತಿಗೆ ಕಟ್ಟಿ ಮೇಷ್ಟ್ರೇ."

"ಸುಳ್ಳು ಸುದ್ದಿ ಕಳಿಸ್ಬಾರ್ದು ಕಣಮ್ಮ, ಲೈಸೆನ್ಸ್ ಹೋಗ್ತದೆ."

"ಸುಳ್ಳೆಲ್ಲಿ ಬಂತು? ಇವ್ಳು ಎಲ್ಲಿರ್ತಾಳೋ ಅಲ್ಲೇ ತಾನೇ ತೋರ್ಸೋದು?"

ನಲವತ್ತು ವರ್ಷ ಪಾಠ ಹೇಳಿದವರು ಅವತ್ತು ಪಾಠ ಕೇಳಿದರು. ಡಬ್ಬಿಯನ್ನು ಆನ್ ಮಾಡಿ ಹಸುವಿನ ಕತ್ತಿಗೆ ಕಟ್ಟಿದರು. ಮನಸ್ಸಾಕ್ಷಿಗೆ ಹೆದರಿ ಚುಕ್ಕಿಯ ಪಕ್ಕದಲ್ಲಿ "ಇದು ಹಸು" ಎಂದು ಇಂಗ್ಲಿಷಿನಲ್ಲಿ ಬರೆದೂ ಬರೆದರು.

ನರಸಮ್ಮ ಹಗ್ಗ ಬಿಚ್ಚಿದಳು. ಹಸು ನೆಟ್ಟಗೆ ಬೈರಣ್ಣನ ಹೊಸ ಲೇಔಟಿಗೆ ನುಗ್ಗಿತು. ಕಲ್ಲು ನೆಟ್ಟು ವರ್ಷವಾದರೂ ಅಲ್ಲಿ ಮನೆ ಎದ್ದಿರಲಿಲ್ಲ, ಮಂಡಿಯುದ್ದ ಹುಲ್ಲು ಎದ್ದಿತ್ತು. ಚುಕ್ಕಿ ಇಡೀ ದಿನ ಅಲ್ಲಿಂದ ಕದಲಲಿಲ್ಲ.

ಮಾರನೆಯ ದಿನ ಕಾರುಗಳೆಲ್ಲ ಲೇಔಟಿನ ಮುಂದೆ ನಿಂತಿದ್ದವು. ಅಗ್ರಿಮೆಂಟಿನ ಕಾಗದ ಅಪ್ಪಯ್ಯಣ್ಣನ ಜೇಬಿನಲ್ಲೇ ಉಳಿಯಿತು; ಕೊಳ್ಳುವವರೇ ಇರಲಿಲ್ಲ. ನರಸಮ್ಮ ಕುಡುಗೋಲು ಹಿಡಿದು ಹೊಲಕ್ಕೆ ಹೋದಳು.

ಆ ಲೇಔಟು ಬೈರಣ್ಣನ ಅಪ್ಪನ ಆಸ್ತಿ. ಒಡಹುಟ್ಟಿದವರಿಗೆ ಹೇಳದೆ ಕೇಳದೆ ಸೈಟು ಮಾಡಿದ್ದ. ಸುದ್ದಿ ನಂದಗುಡಿಗೆ ಮುಟ್ಟಿ, ಅಲ್ಲಿಗೆ ಮದುವೆಯಾಗಿ ಹೋಗಿದ್ದ ಅಕ್ಕಂದಿರಾದ ಪಾಪಕ್ಕ, ರುಕ್ಮಿಣಮ್ಮ ಇಬ್ಬರೂ ಗಂಡಂದಿರ ಸಮೇತ ಬಂದಿಳಿದು ಪಾಲು ಕೇಳಿದರು. ಬೈರಣ್ಣ ಮೇಷ್ಟ್ರನ್ನು ಕೈಹಿಡಿದು ಎಳೆತಂದ. "ಬರೀ ಹಸು ಅಂತ ಹೇಳಿ ಸಾ, ನಿಮ್ ಕಾಲಿಗ್ ಬೀಳ್ತೀನಿ!"

"ಹೌದಮ್ಮ, ಹಸುವೇ. ನಾನೇ ಬರ್ದಿದೀನಿ ನೋಡಿ" ಎಂದು ಮೇಷ್ಟ್ರು ಮೊಬೈಲ್ ತೋರಿಸಿದರು.

ಪಾಪಕ್ಕ ಅದನ್ನು ಜೊತೆಗೆ ಬಂದಿದ್ದ ಮಗನ ಕೈಲಿ ಎರಡು ಸಲ ಓದಿಸಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು.

"ಹಸು ಅಂತ ಬರ್ದು ಮುಚ್ಚಿಕ್ಕವ್ರೆ ಅಂದ್ರೆ, ಇನ್ನೆಷ್ಟು ದೊಡ್ಡ ಪ್ರಾಜೆಕ್ಟ್ ಇರ್ಬೇಕು ಕಣೇ ರುಕ್ಕು!"