ಬೋಟಿನ ತಳದ ವಿಭೂತಿ

ಬೋಟು ಕೊಳ್ಳುವ ವಿಷಯದಲ್ಲಿ ಮಲ್ಲೇಶ ಎಲ್ಲರನ್ನೂ ಕೇಳಿದ್ದ. ಮನೆದೇವರು ವೀರಭದ್ರನ ಮುಂದೆ ಕೂತು ಹೂ ಕೇಳಿದ, ಹೂ ಬಲಕ್ಕೇ ಬಿತ್ತು. ಜೋಯಿಸರನ್ನು ಕೇಳಿದ, ನಿಮ್ಮ ರಾಶಿಗೆ ನೀರಿನ ವ್ಯವಹಾರ ಕೈಹಿಡಿಯುತ್ತದೆ ಎಂದರು. ಅಪ್ಪ ಶಿವಯೋಗಪ್ಪನವರನ್ನು ಕೇಳಿದ. ಗಾಂಧಿ ಬಜಾರಿನ ಗೆಳೆಯರನ್ನೆಲ್ಲ ಒಂದೊಂದು ಚಹಾಕ್ಕೆ ಕರೆದು ಕೇಳಿದ. ಕೇಳದೆ ಬಿಟ್ಟಿದ್ದು ಹೆಂಡತಿ ಶಾಂಭವಿಯನ್ನು ಮಾತ್ರ. ಬೋಟಿನ ದುಡ್ಡಿಗೆ ಮಾರಬೇಕೆಂದು ಗೊತ್ತು ಮಾಡಿದ್ದು ಮಾತ್ರ ಅವಳ ಗಿರಣಿಯನ್ನು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ.

ಗೋಪಾಳದ ಮುಖ್ಯರಸ್ತೆಯಲ್ಲಿರುವ ಆ ಹಿಟ್ಟಿನ ಗಿರಣಿ ಗಂಡನ ಮನೆಯ ಆಸ್ತಿಯಲ್ಲ. ಮಲ್ಲೇಶನ ಮೊಬೈಲ್ ಅಂಗಡಿ ಮುಚ್ಚಿ, ನೀರಿನ ಫಿಲ್ಟರಿನ ಏಜೆನ್ಸಿಯೂ ಮುಚ್ಚಿ, ಇನ್ನು ಮನೆ ನಡೆಯುವುದು ಹೇಗೆ ಎಂದು ಎಲ್ಲರೂ ಸೂರು ನೋಡುತ್ತಿದ್ದಾಗ ಶಾಂಭವಿ ತವರಿನ ಬಂಗಾರ ಮಾರಿ ಹಾಕಿಸಿದ್ದು. ರಾಗಿ, ಗೋಧಿಗೆ ಒಂದು ಯಂತ್ರ, ಅಕ್ಕಿಗೆ ಒಂದು, ಖಾರದಪುಡಿಗೆ ಬೇರೆಯದೇ ಒಂದು. ಮೂಟೆ ಎತ್ತಿ ಎತ್ತಿ ಅವಳ ತೋಳು ಗಂಡಸರ ತೋಳಿನ ಹಾಗಾಗಿತ್ತು. ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಕೆಮ್ಮಿ ದನಿಯೂ ದಪ್ಪವಾಗಿತ್ತು. ಅದಕ್ಕೆಲ್ಲ ಅವಳು ಬೇಸರ ಮಾಡಿಕೊಂಡವಳಲ್ಲ. ಗಂಡನ ಕೈಗೆ ಯಾವ ಕೆಲಸವೂ ಹತ್ತಲಿಲ್ಲವೆಂದು ಒಂದು ದಿನವೂ ಹಂಗಿಸಿದವಳಲ್ಲ. ಪಾಪ, ಬುದ್ಧಿ ಸ್ವಲ್ಪ ಕಮ್ಮಿ, ಮನಸ್ಸು ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡು ಇಷ್ಟು ವರ್ಷ ದೂಡಿದ್ದಳು.

ಈಗಿನ ಹುಚ್ಚು ಬೋಟಿನದು. ಬೋಟು ಎಂದರೆ ಮಲ್ಲೇಶ ತಿದ್ದುತ್ತಿದ್ದ, ಅದು ಯಾಟ್. ಯಾವನೋ ಶ್ರೀಮಂತ ಗೋವಾದ ಕಡಲಲ್ಲಿ ಓಡಿಸಿ ಸಾಕಾಗಿ ಮಾರಿದ್ದನ್ನು ಭದ್ರಾವತಿಯ ಉಜ್ಜನಪ್ಪನವರು ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಭದ್ರಾ ಹಿನ್ನೀರಿನಲ್ಲಿ ಕೆಲವು ವರ್ಷ ನೆಂಟರಿಷ್ಟರನ್ನು ಕೂರಿಸಿಕೊಂಡು ಮೆರೆದಾಡಿ, ಈಗ ತಮ್ಮ ರೈಸ್ ಮಿಲ್ಲಿನ ಹಿತ್ತಲಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿ ಮಾರಲು ಹೊರಟಿದ್ದರು. ಮೈಯೆಲ್ಲ ಅಲ್ಯುಮಿನಿಯಂ. ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ಮರದ ಹಾಗೆ ಗೆದ್ದಲು ತಿನ್ನುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತದೆ ಎಂದು ಮಲ್ಲೇಶ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಸೋಗಾನೆಯಲ್ಲಿ ವಿಮಾನ ಇಳಿಯುತ್ತದೆ, ಇಳಿದವರು ಹಿನ್ನೀರಿಗೆ ಬರುತ್ತಾರೆ, ಬಂದವರು ಯಾಟ್ ಹತ್ತುತ್ತಾರೆ. ಅವನ ಲೆಕ್ಕದಲ್ಲಿ ಇಡೀ ವಿಮಾನ ಅವನಿಗಾಗಿಯೇ ಇಳಿಯುತ್ತಿತ್ತು.

ಮಾವ ಶಿವಯೋಗಪ್ಪನವರು ಮೊದಮೊದಲು ಒಪ್ಪಿರಲಿಲ್ಲ. ಅವರನ್ನು ಒಪ್ಪಿಸಿದ್ದು ಒಂದು ಪೊಟ್ಟಣ ವಿಭೂತಿ. ಬೋಟಿನ ತಳದಲ್ಲಿ ಉಜ್ಜನಪ್ಪನವರು ಮಂತ್ರ ಕೆತ್ತಿದ ದೊಡ್ಡದೊಂದು ತಾಮ್ರದ ತಗಡಿನ ಯಂತ್ರ ಇಡಿಸಿದ್ದರಂತೆ, ಪೂಜೆ ಮಾಡಿಸಿ. ಆ ಯಂತ್ರದ ಅಡಿಯಲ್ಲಿ ತಾನೇ ತಾನಾಗಿ ವಿಭೂತಿ ಉಕ್ಕುತ್ತದಂತೆ, ಒರೆಸಿದರೆ ಮತ್ತೆ ಬರುತ್ತದಂತೆ. ಅದರಲ್ಲೇ ಒಂದು ಹಿಡಿ ಒಣಗಿಸಿ, ಬಾಳೆಎಲೆಯಲ್ಲಿ ಕಟ್ಟಿ ಕಳಿಸಿದ್ದರು. ಶಿವಯೋಗಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಮೂರು ಪಟ್ಟೆ ಬಳಿದುಕೊಂಡರು. ಅಂದಿನಿಂದ ಪೂಜೆಗೆ ಅದೇ. ಶಿವನೇ ಕೂತಿರುವ ಬೋಟು ಬೇಡ ಅನ್ನೋಕೆ ನಾನ್ಯಾರು ಎಂದುಬಿಟ್ಟರು. ಗಿರಣಿ ಕೊಳ್ಳಲು ಗಾಂಧಿ ಬಜಾರಿನ ವ್ಯಾಪಾರಿಯೊಬ್ಬ ಬಂದು ಅಳತೆ ಹಿಡಿದುಕೊಂಡೂ ಹೋದ, ಶಾಂಭವಿ ಖಾರ ಬೀಸುತ್ತಾ ನಿಂತಿರುವಾಗಲೇ, ಅವಳನ್ನು ಕೆಲಸದವಳೆಂದುಕೊಂಡು.

ಅವಳಿಗೆ ಸಿಟ್ಟು ನೆತ್ತಿಗೇರಿದ್ದು ಅವತ್ತು. ರಾತ್ರಿ ಊಟ ಬಡಿಸುತ್ತಾ ಒಂದೇ ಮಾತು ಹೇಳಿದಳು: ಬೋಟು ನೋಡದೆ ಸಹಿ ಹಾಕುವುದಿಲ್ಲ.

ಭಾನುವಾರ ಬೆಳಗ್ಗೆ ಗಿರಣಿಯ ಓಮ್ನಿಯಲ್ಲಿ ಮೂವರೂ ಭದ್ರಾವತಿಗೆ ಹೊರಟರು. ಓಡಿಸಿದ್ದು ಅವಳೇ. ದಾರಿಯುದ್ದಕ್ಕೂ ಮಲ್ಲೇಶ ಮಾತಾಡಿದ. ಉಜ್ಜನಪ್ಪನವರು ಗೇಟಿನಲ್ಲೇ ನಿಂತಿದ್ದರು, ಬಿಳಿ ಪಂಚೆ, ಬಾಯಿ ತುಂಬ ಉಪಚಾರ.

ಬೋಟು ಚೆನ್ನಾಗಿತ್ತು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಹಳೆಯದೇ, ಆದರೂ ಚೂಪು ಮೂತಿ, ನೀಲಿ ಗಾಜಿನ ಕೋಣೆ, ಒಳಗೆ ಮೆತ್ತನೆಯ ಸೋಫಾ, ಪುಟಾಣಿ ಅಡುಗೆಕಟ್ಟೆ, ಅದಕ್ಕೊಂದು ನಲ್ಲಿ. ಸ್ಟೀರಿಂಗ್ ಹಿಡಿದು ನಿಂತರೆ ಮುಂದೆ ಕಾಣುವುದು ಉಜ್ಜನಪ್ಪನವರ ಹೊಟ್ಟಿನ ರಾಶಿ. ಆದರೂ ಒಂದು ಗಳಿಗೆ ಅವಳ ಮನಸ್ಸು ನೀರಿನ ಮೇಲೆ ಹೋಗಿಬಿಟ್ಟಿತು. ಒಂದು ಮಾತು ಕೇಳಿದ್ದರೆ ತಾನೇ ಒಪ್ಪಿಬಿಡುತ್ತಿದ್ದೆನೇನೋ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ತಳ ನೋಡಬೇಕು ಎಂದಳು. ಕೋಣೆಯ ನೆಲದಲ್ಲಿ ಒಂದು ಹಲಗೆ ಎತ್ತಿದರೆ ತಳ ಕಾಣುವಂತಿತ್ತು. ಉಜ್ಜನಪ್ಪನವರ ನಗು ಅಲ್ಲಿಗೆ ನಿಂತಿತು. ಅದು ಯಂತ್ರ ಇರುವ ಜಾಗ, ಹೆಂಗಸರು ಕೈ ಹಾಕುವಂತಿಲ್ಲ, ಹಾಕಿದರೆ ಮನೆಗೇ ಒಳ್ಳೆಯದಲ್ಲ ಎಂದರು. ಮಾವನವರೂ ಬೇಡ ಎಂದು ತಲೆಯಾಡಿಸಿದರು. ಮಲ್ಲೇಶ ಅವಳ ತೋಳು ಹಿಡಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಿರಣಿ ಮಾರುವುದಕ್ಕೆ ಹೆಂಗಸಿನ ಸಹಿ ಆಗುತ್ತದೆ, ಹಲಗೆ ಎತ್ತುವುದಕ್ಕೆ ಹೆಂಗಸಿನ ಕೈ ಆಗುವುದಿಲ್ಲವೋ. ತೋಳು ಕೊಡವಿ, ಬಗ್ಗಿ, ಒಂದೇ ಎಳೆತಕ್ಕೆ ಹಲಗೆ ಕಿತ್ತಳು.

ತಳದಲ್ಲಿ ಬೆರಳುದ್ದ ಕೊಳೆನೀರು ನಿಂತಿತ್ತು. ಅದರಲ್ಲಿ ತಾಂಬಾಳದಷ್ಟು ಅಗಲದ ತಾಮ್ರದ ತಗಡು ಮಲಗಿತ್ತು, ಹಸಿರುಗಟ್ಟಿ. ಅಂಚಿನ ಸುತ್ತ ಬಿಳಿ. ನೀರಿನಲ್ಲಿ ಕಲಸಿದ ಸುಣ್ಣದ ಹಾಗೆ ಹಸಿಹಸಿಯಾದ ಬಿಳಿ. ಮಾವನವರು ಕೈ ಮುಗಿದರು. ಶಾಂಭವಿಗೆ ಮಾತ್ರ ಆ ಬಿಳಿ ಎಲ್ಲೋ ಕಂಡಿದ್ದು ಅನ್ನಿಸಿತು, ಎಲ್ಲಿ ಎಂದು ಹೊಳೆಯಲು ತಡವೂ ಆಗಲಿಲ್ಲ. ಗಿರಣಿಯ ಕಂಬದಿಂದ ಬರುವ ಸಿಲ್ವಾರದ ತಂತಿಗೆ ಯಾವನೋ ಅವಸರದವನು ತಾಮ್ರದ ತಂತಿಯನ್ನು ನೇರ ಸುತ್ತಿ ಹೋಗಿದ್ದ. ಮಳೆಗಾಲ ಕಳೆಯುವಷ್ಟರಲ್ಲಿ ಆ ಗಂಟು ಹೀಗೇ ಬಿಳಿಯ ಹಿಟ್ಟು ಕಾರಿ, ಸಿಲ್ವಾರ ಸವೆದು ತುಂಡಾಗಿ, ಗಿರಣಿ ಎರಡು ದಿನ ನಿಂತಿತ್ತು. ತಾಮ್ರಕ್ಕೂ ಸಿಲ್ವಾರಕ್ಕೂ ನೀರು ಸೇರಿದರೆ ಆಗಿಬರುವುದಿಲ್ಲ ಎಂಬುದು ಅವಳಿಗೆ ಪುಸ್ತಕದಿಂದಲ್ಲ, ಕೈಯಿಂದ ಖರ್ಚಾಗಿ ಗೊತ್ತಿತ್ತು. ಅಲ್ಯುಮಿನಿಯಂ ಎಂದು ಬಾಯಿ ತುಂಬ ಹೇಳುವುದೂ ಅದೇ ಸಿಲ್ವಾರ.

ತಗಡನ್ನು ಎತ್ತಿ ಸೋಫಾದ ಮೇಲೆ ಎಸೆದಳು. ಅದರಡಿಯ ಬಿಳಿಯನ್ನು ಬೆರಳಿನಲ್ಲಿ ಒರೆಸಿದಳು. ಕೆಳಗೆ ತಳವೆಲ್ಲ ಹುಳ ಹಿಡಿದ ಜೋಳದ ಹಾಗೆ ಗುಳಿಗುಳಿ. ಅಡುಗೆಕಟ್ಟೆಯ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದು ಒತ್ತಿದಳು. ಜೋರಾಗೇನೂ ಒತ್ತಲಿಲ್ಲ. ಅದು ಹಿಡಿಯವರೆಗೂ ಇಳಿಯಿತು. ಹೊರಗೆ ತೆಗೆದಾಗ ಕೊಳೆನೀರು ಗುಳುಗುಳು ಎಂದು ಸುತ್ತಿಕೊಂಡು ಇಳಿದುಹೋಯಿತು, ಆಮೇಲೆ ತೂತಿನಲ್ಲಿ ಕೆಳಗಿನ ಮಣ್ಣು ಕಾಣಿಸಿತು.

"ಮಾವ, ನೀವು ಹಣೆಗೆ ಹಚ್ಕೊಂಡಿರೋದು ಈ ಬೋಟಿನ ತಳಾನೇ" ಎಂದಳು.

ಉಜ್ಜನಪ್ಪನವರು ಬಾಯಿಗೆ ಬಂದಂತೆ ಕೂಗಾಡತೊಡಗಿದರು. ಮುಟ್ಟಬೇಡ ಅಂದರೂ ಮುಟ್ಟಿದ್ದಕ್ಕೇ ಹೀಗಾಯಿತು, ಇಷ್ಟು ವರ್ಷ ಗಟ್ಟಿಯಾಗಿದ್ದ ಬೋಟು ಇವಳ ಕೈ ಬಿದ್ದ ಕೂಡಲೇ ತೂತಾಯಿತು, ಮುರಿದವರೇ ಕೊಳ್ಳಬೇಕು, ಪೂರಾ ರೇಟಿಗೆ ಕೊಳ್ಳಬೇಕು ಎಂದರು. ಮಾವನವರು ಜುಬ್ಬದ ಜೇಬಿನಿಂದ ಕರವಸ್ತ್ರ ತೆಗೆದು ಹಣೆಯನ್ನು ನಿಧಾನವಾಗಿ ಒರೆಸಿಕೊಂಡರು. ಒರೆಸಿಕೊಂಡು, ಮೆಟ್ಟಿಲಿಳಿದು ಹೋಗಿ ಓಮ್ನಿಯಲ್ಲಿ ಕೂತರು.

ಶಾಂಭವಿಯೂ ಇಳಿದು ಬೋಟಿನ ಅಡಿಗೆ ಬಗ್ಗಿದಳು. ಒದ್ದೆ ಮಣ್ಣಿನಲ್ಲಿ ಬೂದು ಬಣ್ಣದ ಒಂದು ಉಂಡೆ ಬಿದ್ದಿತ್ತು. ಸ್ಕ್ರೂಡ್ರೈವರ್ ತಳ್ಳಿಕೊಂಡು ಬಂದದ್ದು ಇದನ್ನೇ. ತೂತು ಮುಚ್ಚುವ ಅಂಟು ಎಂ-ಸೀಲ್, ಹೊಸದು. ತೂತಿನ ಸುತ್ತ ಅದನ್ನು ಬೆರಳಿನಲ್ಲಿ ಸವರಿ, ಮೇಲೆ ಬಿಳಿ ಬಣ್ಣ ತಾಗಿಸಿದ್ದರು. ಬೋಟು ನೋಡಬೇಕು ಎಂದು ಅವಳು ಹೇಳಿದ ಮರುದಿನ ಮಲ್ಲೇಶನ ಉಗುರಿನಲ್ಲಿ ಇದೇ ಬೂದು ಕೂತಿತ್ತು. ಸ್ಕೂಟರಿನ ಟ್ಯಾಂಕು ಸೋರುತ್ತಿತ್ತು ಎಂದಿದ್ದ, ಅವಳೇ ಸೀಮೆಎಣ್ಣೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಎಂದಿದ್ದಳು.

ಅವಳು ತಲೆ ಎತ್ತಿದಾಗ ಅವನು ಎದುರಿಗೇ ನಿಂತಿದ್ದ. ಆಶ್ಚರ್ಯವೆಂಬುದು ಅವನ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಉಂಡೆಯನ್ನು ಅವನ ಕಣ್ಣ ಮುಂದೆ ಹಿಡಿದಳು. ಕೇಳುವುದೇನೂ ಉಳಿದಿರಲಿಲ್ಲ, ಆದರೂ ಕೇಳಿದಳು, ಗೊತ್ತಿತ್ತಾ ಎಂದು.

"ಗೊತ್ತಿತ್ತು" ಎಂದ ಮಲ್ಲೇಶ. ಆಮೇಲೆ ಕಟ್ಟೆ ಒಡೆದ ಹಾಗೆ ಅಷ್ಟನ್ನೂ ಹೇಳಿದ. "ಗೋಪಾಳದಲ್ಲಿ ಮಲ್ಲೇಶ್ ಯಾರು ಅಂತ ಕೇಳ್ನೋಡು. ಒಬ್ರಿಗೂ ಗೊತ್ತಿಲ್ಲ. ಗಿರಣಿ ಶಾಂಭವಿ ಗಂಡ ಅನ್ನು, ಮನೆ ಬಾಗ್ಲಿಗೆ ಕರ್ಕೊಂಡ್ ಬಂದು ಬಿಡ್ತಾರೆ. ಬೋಟು ಓಡುತ್ತೋ ಮುಳುಗುತ್ತೋ, ನಂಗೇನು. ಆ ಗಿರಣಿ ಹೋಗ್ಬೇಕಿತ್ತು ಅಷ್ಟೇ."

ಇವನಿಗೆ ಬುದ್ಧಿ ಕಮ್ಮಿ ಎಂದುಕೊಂಡಿದ್ದಳಲ್ಲ, ಆ ಒಂದು ಮಾತಿನ ಮೇಲೆಯೇ ಇಷ್ಟು ವರ್ಷ ಸಂಸಾರ ನಿಂತಿತ್ತು. ದಡ್ಡನನ್ನು ಕ್ಷಮಿಸಬಹುದು, ದಡ್ಡತನ ಮನೆಯ ಮೇಲೆ ಹಗೆ ಸಾಧಿಸುವುದಿಲ್ಲ. ಇವನು ಅವಳ ಅನ್ನ ಉಂಡು, ಅವಳ ಅನ್ನಕ್ಕೇ ಕಲ್ಲು ಹಾಕಲು ಕೂತು ಯೋಚಿಸಿದ್ದ. ಆದರೆ ಅವಳ ಗಂಟಲಿಗೆ ಬಂದದ್ದು ಅದಲ್ಲ.

"ಜನ ಹತ್ತೋರಲ್ರೀ ಇದನ್ನ" ಎಂದಳು. "ಮಕ್ಕಳು ಮರಿ ಕಟ್ಕೊಂಡು ಹತ್ತೋರು. ನಡು ನೀರಲ್ಲಿ ಈ ಉಂಡೆ ಬಿದ್ದಿದ್ರೆ?"

ಅವನು ಅಷ್ಟು ದೂರ ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು. ಅವಳಿಗೆ ಕನಿಕರವೇನೂ ಬರಲಿಲ್ಲ.

ಉಜ್ಜನಪ್ಪನವರು ಅಷ್ಟರಲ್ಲಿ ಇಳಿದು ಬಂದು, ಬೆಸುಗೆ ಹಾಕಿಸಿದರೆ ಆಯಿತು, ನೀವಲ್ಲದಿದ್ದರೆ ದಾವಣಗೆರೆಯ ಪಾರ್ಟಿ ಕಾದಿದೆ, ಅವರು ನಿಮ್ಮ ಹಾಗೆ ತಳ ಕೆದಕುವವರಲ್ಲ ಎಂದರು. ಆ ಮಾತು ಅವರು ಆಡಬಾರದಿತ್ತು. ಶಾಂಭವಿ ಸುತ್ತ ನೋಡಿದಳು. ಗೋಡೆಗೆ ಒಂದು ಹಾರೆ ಒರಗಿಸಿದ್ದರು. ಅದನ್ನೆತ್ತಿ, ಸೆರಗು ಸೊಂಟಕ್ಕೆ ಬಿಗಿದು, ತೂತಿಗೆ ತುದಿ ಇಟ್ಟು ಮೀಟಿದಳು. ಸವೆದ ತಗಡು ಹಪ್ಪಳದಂತೆ ಮುರಿಯಿತು. ಮತ್ತೆ ಮೀಟಿದಳು. ಯಾರೂ ಹತ್ತಿರ ಬರುವ ಧೈರ್ಯ ಮಾಡಲಿಲ್ಲ. ಆಳು ತಲೆ ತೂರಿಸುವಷ್ಟು ಅಗಲವಾದ ಮೇಲೆ, ಇನ್ನು ಯಾವ ಎಂ-ಸೀಲಿಗೂ ಇದು ಮುಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹಾರೆ ಕೆಳಗಿಟ್ಟಳು.

ಪೊಲೀಸರನ್ನು ಕರೆಸುತ್ತೇನೆ, ದುಡ್ಡು ಯಾರು ಕೊಡುತ್ತಾರೆ ಎಂದು ಉಜ್ಜನಪ್ಪನವರು ಕೂಗಿದರು.

"ನಾನು ಕೊಡ್ತೀನಿ" ಎಂದಳು. "ತಕ್ಕಡಿಗೆ ಹಾಕಿ, ಸಿಲ್ವಾರದ ಗುಜರಿ ರೇಟಿಗೆ. ಗಿರಣಿ ನಡ್ಸಿ ತೀರಿಸ್ತೀನಿ. ಕಾಗದ ಮಾತ್ರ ಇವ್ರ ಹೆಸ್ರಿಗೇ ಬರೀರಿ. ಬೋಟಿನ ಮಾಲೀಕರು ಮಲ್ಲೇಶ್ ಅಂತ."

ಮಲ್ಲೇಶ ತಲೆ ಎತ್ತಿ ಅವಳನ್ನು ನೋಡಿದ. ಅವನ ಕಣ್ಣು ತುಂಬಿತ್ತು. ಶಾಂಭವಿ ಹೋಗಿ ಓಮ್ನಿ ಸ್ಟಾರ್ಟ್ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಮಾವನವರು, ಮಗ ಬರಲಿ ತಾಯಿ, ಸ್ವಲ್ಪ ತಡಿ ಎಂದರು. ಬಸ್ಸು ಬೇಕಾದಷ್ಟಿವೆ ಮಾವ ಎಂದು ಅವಳು ಗೇಟು ದಾಟಿದಳು.