ಪೈಲಟ್ ಇಳಿಯುವ ಜಾಗ

ನನ್ನ ಗಂಡ ಮೂವತ್ತನಾಲ್ಕು ವರ್ಷ ದಿನಕ್ಕೆರಡು ಹಡಗು ಹತ್ತಿದರೂ ಒಂದೇ ಒಂದು ಊರು ಮುಟ್ಟಿದವರಲ್ಲ. ಅವರು ಬಂದರಿನ ಪೈಲಟ್ ಆಗಿದ್ದರು. ಪೈಲಟ್ ಅಂದರೆ ವಿಮಾನ ಓಡಿಸುವವರು ಎಂದುಕೊಂಡು ಮಗಳ ಅತ್ತೆ ಒಂದು ವರ್ಷ ಅಗ್ಗದ ಟಿಕೆಟ್ ಕೇಳುತ್ತಲೇ ಇದ್ದರು. ಕೆಲಸ ಇಷ್ಟೇ: ಹೊರಗಿನ ಕ್ಯಾಪ್ಟನ್‌ಗಳಿಗೆ ನಮ್ಮ ಬಂದರಿನ ಮರಳುದಿಬ್ಬ, ಸೆಳೆತ, ತಿರುವು ಗೊತ್ತಿರುವುದಿಲ್ಲ. ಅವರ ಪಕ್ಕ ನಿಂತು ದಾರಿ ಹೇಳುತ್ತಾ ಹಡಗನ್ನು ಹೊರಗೆ ದಾಟಿಸಬೇಕು. ತೆರೆದ ಸಮುದ್ರ ಶುರುವಾಗುವಲ್ಲಿ ನೀರಿನ ಮೇಲೊಂದು ಕೆಂಪು ಗುರುತು ತೇಲುತ್ತಿರುತ್ತದೆ. ಅಲ್ಲಿಗೆ ಬಂದ ಕೂಡಲೇ ಹಗ್ಗದ ಏಣಿಯಲ್ಲಿ ಇಳಿದು, ಪಕ್ಕಕ್ಕೆ ಬಂದ ಪುಟ್ಟ ದೋಣಿ ಹತ್ತಿ ಮನೆಗೆ ಬರಬೇಕು. ಹಡಗು ಮುಂದೆ ಎಲ್ಲಿಗಾದರೂ ಹಾಳಾಗಿ ಹೋಗಲಿ, ಅದು ಅವರ ತಲೆನೋವಲ್ಲ.

ಇದು ಕೆಲಸಕ್ಕಷ್ಟೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಸಿನಿಮಾ ಮುಗಿಯಲು ಹತ್ತು ನಿಮಿಷ ಇರುವಾಗ ಈ ಮನುಷ್ಯ ಎದ್ದುಬಿಡುತ್ತಾರೆ; ಕೊಲೆ ಮಾಡಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಾಗದ ಸಿನಿಮಾಗಳು ಎಷ್ಟೋ ಇವೆ. ಜಗಳ ಕಾವೇರುತ್ತಿದ್ದಂತೆ ತಾರಸಿಗೆ ಹೋಗುತ್ತಾರೆ. ಹೆರಿಗೆಗೆ ನನ್ನನ್ನು ಆಸ್ಪತ್ರೆಗೆ ಕರೆತಂದು, ನರ್ಸಿಗೆ "ಇನ್ನು ನಿಮ್ಮ ಕೈಯಲ್ಲಿದೆ" ಎಂದು ಹೇಳಿ ಡ್ಯೂಟಿಗೆ ಹೋದ ಪುಣ್ಯಾತ್ಮ! ಇದನ್ನೆಲ್ಲ ನಗುತ್ತಾ ಹೇಳಬಲ್ಲೆ. ನನ್ನಮ್ಮ ತೀರಿಕೊಂಡ ದಿನದ್ದನ್ನು ಮಾತ್ರ ನಗುತ್ತಾ ಹೇಳಲಾರೆ. ಅವತ್ತು ಆಸ್ಪತ್ರೆಯ ಲಿಫ್ಟಿನವರೆಗೆ ಬಂದರು, ನನ್ನನ್ನು ಒಳಗೆ ಹತ್ತಿಸಿದರು. ಬಾಗಿಲು ಮುಚ್ಚಿಕೊಳ್ಳುವಾಗ ಕಂಡದ್ದು ಅವರ ಬೆನ್ನು.

ನಿವೃತ್ತಿಯಾದ ಮೇಲೆ ಮಗಳು ಹನ್ನೊಂದು ದಿನದ ಪ್ರವಾಸಿ ಹಡಗಿನ ಟಿಕೆಟ್ ತೆಗೆಸಿಕೊಟ್ಟಳು. ಇವರು ಎರಡು ವಾರ ಗುಮ್ಮನಂತೆ ಕೂತಿದ್ದು, ಆಮೇಲೆ "ಆಯ್ತು" ಎಂದರು. ನಾನು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ. ಆ ಕೆಂಪು ಗುರುತಿನ ಹತ್ತಿರ ಇವರು ಇಳಿದುಬಿಟ್ಟರೆ ಇಳಿಯಲಿ. ನಾನೊಬ್ಬಳೇ ಮುಂದೆ ಹೋಗುತ್ತೇನೆ, ವಾಪಸ್ಸು ಬಂದವಳು ನೇರ ಮಗಳ ಮನೆಗೆ ಹೋಗುತ್ತೇನೆ, ಮತ್ತೆ ಇವರ ಜೊತೆ ಇರುವುದಿಲ್ಲ. ಅರವತ್ತೊಂದು ವಯಸ್ಸಿನಲ್ಲಿ ಇಂಥ ಮಾತು ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಆದರೂ ಯೋಚಿಸಿದ್ದು ನಿಜ.

ಹಡಗು ಹೊರಟಿದ್ದು ನನಗೆ ತಿಳಿಯಲೇ ಇಲ್ಲ. ನಾಲ್ಕು ಗಂಟೆಯ ಹಳದಿ ಬಿಸಿಲಿನಲ್ಲಿ ಮೇಲಂತಸ್ತಿನ ಕಂಬಿ ಹಿಡಿದು ನಿಂತಿದ್ದೆವು. ನೋಡುತ್ತಿದ್ದಂತೆ ಊರೇ ಹೊರಟಿತು. ಮೊದಲು ಗೋದಾಮುಗಳು ಸರಿದವು, ಆಮೇಲೆ ಕ್ರೇನುಗಳು, ಅವುಗಳ ಹಿಂದೆ ಗಡಿಯಾರವಿರುವ ಬ್ಯಾಂಕಿನ ಕಟ್ಟಡ. ಎಲ್ಲವೂ ಸದ್ದಿಲ್ಲದೆ, ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಬಸ್ಸುಗಳು ಬಾಯಿ ಆಡಿಸಿದಂತೆ ಅನಿಸುತ್ತಿತ್ತು, ಹಾರ್ನ್ ಕೇಳಿಸುತ್ತಿರಲಿಲ್ಲ. ನನ್ನ ಕಾಲ ಕೆಳಗೆ ನೆಲ ಇತ್ತೋ ಇಲ್ಲವೋ, ನಿದ್ದೆ ಹತ್ತುವ ಮುಂಚೆ ಹಾಸಿಗೆ ತೇಲಿದಂತಾಗುತ್ತದಲ್ಲ, ಹಾಗಾಗಿತ್ತು.

"ಅಲ್ನೋಡಿ, ನಮ್ಮ ಮನೆ!" ಎಂದೆ.

ನೀರಿನ ಟ್ಯಾಂಕಿನ ಪಕ್ಕ ನಮ್ಮ ತಾರಸಿ, ಅದರ ತಂತಿಯ ಮೇಲೆ ನಾನು ತೆಗೆಯಲು ಮರೆತ ಹಸಿರು ಹೊದಿಕೆ. ದಿನವೂ ಅದೇ ತಾರಸಿಯಲ್ಲಿ ನಿಂತು ಇವರಿದ್ದ ಹಡಗು ಹೋಗುವುದನ್ನು ನೋಡುತ್ತಿದ್ದವಳು ನಾನು. ಈಗ ಅಲ್ಲಿ ಬಟ್ಟೆಯ ಹಿಂದೆ ಇನ್ನೊಬ್ಬ ನಾನು ನಿಂತು ಇತ್ತ ನೋಡುತ್ತಿದ್ದಾಳೆ ಅನಿಸಿತು. ಅವಳಿಗೆ ಕೈ ಬೀಸಿದೆ. ಪಾಪ, ಅವಳಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ.

"ಹೊದಿಕೆ ತೆಗೀಲಿಲ್ವಾ? ಹನ್ನೊಂದು ದಿನದಲ್ಲಿ ಬಣ್ಣ ಹೋಗುತ್ತೆ," ಎಂದರು ಇವರು. ಅವರ ಕಣ್ಣು ಮಾತ್ರ ಹೊದಿಕೆಯ ಮೇಲಿರಲಿಲ್ಲ, ನೀರಿನ ಮೇಲಿತ್ತು. ತುಟಿ ಸಣ್ಣಗೆ ಅಲುಗುತ್ತಿತ್ತು. ಒಳಗೊಳಗೇ ಹಡಗಿಗೆ ದಾರಿ ಹೇಳುತ್ತಿದ್ದರು.

ಅವತ್ತು ನಮ್ಮ ಹಡಗನ್ನು ಹೊರಗೆ ಬಿಡುತ್ತಿದ್ದವನು ಇವರ ಶಿಷ್ಯ. ಮನೆಯಲ್ಲಿ ನಾವು ಅವನನ್ನು ಮರಿ ಪೈಲಟ್ ಅನ್ನುತ್ತೇವೆ. ಮರಿಗೆ ನಲವತ್ತೆರಡು ವರ್ಷ, ಮೂರು ಮಕ್ಕಳು, ತಲೆ ಮುಕ್ಕಾಲು ಬೋಳು. ಅವನೇ ಹೇಳಿಕಳುಹಿಸಿದ, ಗುರುಗಳು ಹಡಗು ನಡೆಸುವ ಕೋಣೆಗೆ ಬರಬೇಕಂತೆ, ಕ್ಯಾಪ್ಟನ್ನೂ ಕೇಳುತ್ತಿದ್ದಾರಂತೆ.

"ಹತ್ತು ನಿಮಿಷ. ಹೀಗೆ ಹೋಗಿ ಹಾಗೆ ಬರ್ತೀನಿ," ಎಂದರು.

"ಹೋಗಿಬನ್ನಿ," ಎಂದೆ. ನನ್ನ ಬಾಯಿಗೆ ಆ ಮಾತು ರೂಢಿಯಾಗಿಬಿಟ್ಟಿದೆ.

ಗಾಳಿ ತಣ್ಣಗಾಯಿತು. ಶಾಲು ತರೋಣವೆಂದು ರೂಮಿಗೆ ಹೋದೆ. ನನ್ನ ಸೀರೆಗಳೆಲ್ಲ ಆಗಲೇ ಕಪಾಟು ಸೇರಿದ್ದವು. ಇವರ ಸೂಟ್‌ಕೇಸಿನ ಬೀಗ ಇನ್ನೂ ತೆಗೆದಿರಲಿಲ್ಲ. ಮಂಚದ ಕೆಳಗೆ, ಈ ಪ್ರವಾಸಕ್ಕೆಂದೇ ಮೂರು ಅಂಗಡಿ ಸುತ್ತಿ ನಾನು ಕೊಡಿಸಿದ ಹೊಸ ಶೂ ಕಾಗದ ತುರುಕಿದ ಹಾಗೇ ಕೂತಿತ್ತು. ಹಾಗಾದರೆ ಕಾಲಲ್ಲಿರುವುದು ಯಾವುದು? ನೆನಪಾಯಿತು. ಬೆಳಿಗ್ಗೆ ಮನೆಯ ಮೆಟ್ಟಿಲಿಳಿಯುವಾಗ ಅವರ ಹೆಜ್ಜೆಯ ಸಪ್ಪಳವೇ ಇರಲಿಲ್ಲ. ಏಣಿ ಜಾರದಿರಲೆಂದು ಹಾಕುವ ಆ ದಪ್ಪ ರಬ್ಬರಿನ ಹಳೆಯ ಬೂಟು!

ಓಡಿದೆ ಅಂದರೆ ನಂಬಬೇಕು, ನನ್ನ ಮಂಡಿಯ ಬಗ್ಗೆ ಗೊತ್ತಿರುವವರು ನಂಬಲಾರರು. ಉದ್ದನೆಯ ಓಣಿ, ಎರಡೂ ಕಡೆ ಒಂದೇ ಥರದ ಬಾಗಿಲು, ಒಂದೇ ಥರದ ದೀಪ. ನೀಲಿ ರತ್ನಗಂಬಳಿ ನನ್ನ ಹೆಜ್ಜೆಯನ್ನೆಲ್ಲ ನುಂಗಿಹಾಕುತ್ತಿತ್ತು. ತಿರುಗಿದರೆ ಮತ್ತೆ ಅದೇ ಓಣಿ. ಎಲ್ಲೋ ಪಿಯಾನೊ ಕೇಳುತ್ತಿತ್ತು. ಹತ್ತಿರ ಹೋದಷ್ಟೂ ಅದು ಇನ್ನೊಂದು ಕಡೆಯಿಂದ ಕೇಳುತ್ತಿತ್ತು. ಕನಸಿನಲ್ಲಿ ಪರೀಕ್ಷೆಯ ಕೊಠಡಿ ಸಿಗದೆ ಅಲೆಯುತ್ತೇವಲ್ಲ, ಅದೇ ಅವಸ್ಥೆ. ಕೊನೆಗೆ ಟವೆಲ್ ಗಾಡಿ ತಳ್ಳುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು.

"ಪೈಲಟ್ ಇಳಿಯೋ ಬಾಗಿಲು ಎಲ್ಲಮ್ಮಾ?"

"ಅಲ್ಲಿಗೆ ಪ್ರಯಾಣಿಕರು ಹೋಗೋ ಹಾಗಿಲ್ಲ ಮೇಡಂ."

"ನನ್ನ ಗಂಡ ಅಲ್ಲಿದ್ದಾರೆ. ಇಳಿದು ಹೋಗ್ಬಿಡ್ತಾರೆ."

ಅವಳು ನನ್ನ ಮುಖ ನೋಡಿದಳು. ಏನು ಕಂಡಳೋ, ಗಾಡಿ ಅಲ್ಲೇ ಬಿಟ್ಟು ನನ್ನ ಮೊಣಕೈ ಹಿಡಿದು ಕೆಲಸದವರ ಮೆಟ್ಟಿಲಿನಲ್ಲಿ ಕೆಳಗೆ ಕರೆದೊಯ್ದಳು. ಆರು ಅಂತಸ್ತು. ಗಂಬಳಿ ಮುಗಿದು ಬರೀ ಕಬ್ಬಿಣ ಬಂತು, ಬಣ್ಣದ ವಾಸನೆ ಬಂತು, ಆಮೇಲೆ ಒಮ್ಮೆಲೇ ಬೆಳಕು.

ಹಡಗಿನ ಪಕ್ಕೆಯಲ್ಲಿ ಒಂದು ಬಾಗಿಲು ತೆರೆದಿತ್ತು. ಅದರಾಚೆ ಸಮುದ್ರ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಹೊಂಬಣ್ಣ. ಇಬ್ಬರು ನಾವಿಕರು ಹಗ್ಗದ ಏಣಿ ಹಿಡಿದಿದ್ದರು. ಇವರು ಹೊಸ್ತಿಲ ಮೇಲೆ, ಒಂದು ಕೈ ಕಂಬಿಯ ಮೇಲಿಟ್ಟು, ನನಗೆ ಬೆನ್ನು ಹಾಕಿ ನಿಂತಿದ್ದರು. ಮರಿ ಪೈಲಟ್ ಆಗಲೇ ಕೆಳಗೆ ದೋಣಿಯಲ್ಲಿದ್ದ.

"ಬರ್ತೀರಾ ಸರ್? ಜಾಗ ಇದೆ!" ಎಂದು ನಗುತ್ತಾ ಕೂಗಿದ.

ಅವನಿಗದು ತಮಾಷೆ. ಇವರು ನಗಲಿಲ್ಲ. ಕೈ ಕಂಬಿಯಿಂದ ಹಗ್ಗಕ್ಕೆ ಹೋಯಿತು. ಕ್ಯಾಪ್ಟನ್ ಹಳೆಯ ಪರಿಚಯ, ನಾವಿಕರಿಗೆ ಇವರೆಂದರೆ ದೇವರು, ತಡೆಯುವವರು ಯಾರು? ಆಗ ನನಗೆ ಹೊಳೆಯಿತು, ನಾನೂ ಒಂದು ದಿನವೂ ತಡೆದವಳಲ್ಲ. ಸಿಟ್ಟು ಮಾಡಿಕೊಂಡಿದ್ದೇನೆ, ಪಾತ್ರೆ ಕುಕ್ಕಿದ್ದೇನೆ, ಮಗಳ ಮುಂದೆ ಹೇಳಿಕೊಂಡು ಅತ್ತಿದ್ದೇನೆ. ಅವರಿಗೆ ನೇರವಾಗಿ ಒಂದು ಮಾತು ಹೇಳಿಲ್ಲ.

"ರೀ," ಎಂದೆ. "ಹೋಗ್ಬೇಡಿ. ನಂಗೆ ನೀವು ಬೇಕು."

ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ. ನಾವಿಕರು ತಲೆ ತಗ್ಗಿಸಿದರು. ಕೆಳಗೆ ದೋಣಿಯವನು ಒಂದು ಗಳಿಗೆ ಕಾದ, ಆಮೇಲೆ ಎಂಜಿನ್ ಸದ್ದು ಏರಿತು, ದೋಣಿ ಹಡಗಿನಿಂದ ದೂರ ಸರಿಯಿತು. ಇವರ ಕೈಯಲ್ಲಿ ಹಗ್ಗ ಹಾಗೇ ಇತ್ತು. ಹೋಗಿ ಪಕ್ಕದಲ್ಲಿ ನಿಂತೆ.

"ಇಳೀಬೇಕು ಅಂತಾನೇ ಬಂದಿದ್ದೆ ಕಣೇ," ಎಂದರು.

"ಗೊತ್ತು. ಮತ್ಯಾಕೆ ಇಳೀಲಿಲ್ಲ?"

ಇವರು ದೋಣಿಯನ್ನೇ ನೋಡುತ್ತಿದ್ದರು. ಅದು ಊರಿನ ಕಡೆಗೆ ಬಿಳಿ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಮರಿ ಪೈಲಟ್ ನಮಗೆ ಬೆನ್ನು ಮಾಡಿ ಕೂತು ಫೋನ್ ತೆಗೆದಿದ್ದ. ರಾತ್ರಿ ಊಟಕ್ಕೇನೆಂದು ಹೆಂಡತಿಯನ್ನು ಕೇಳುತ್ತಿದ್ದನೋ ಏನೋ. ನಮ್ಮ ಹಡಗು ಅವನ ಪಾಲಿಗೆ ಮುಗಿದಿತ್ತು.

"ಒಂದ್ಸಲ ತಿರುಗಿ ನೋಡ್ತಾನೇನೋ ಅಂತ ಕಾಯ್ತಿದ್ದೀನಿ," ಎಂದರು.

"ನೋಡಲ್ಲ. ನಿಮ್ಮ ಹತ್ರ ಕಲಿತವನು."

ದೋಣಿ ಒಂದು ಚುಕ್ಕೆಯಾಗಿ ನೀರಿನ ಹೊಳಪಿನಲ್ಲಿ ಕಳೆದುಹೋಯಿತು. ನಾವಿಕನೊಬ್ಬ ಮೆಲ್ಲಗೆ ಇವರ ಕೈಯಿಂದ ಹಗ್ಗ ಬಿಡಿಸಿಕೊಂಡು ಏಣಿ ಎಳೆದುಕೊಂಡ. ಕಬ್ಬಿಣದ ಬಾಗಿಲು ಮುಚ್ಚಿತು. ಅರೆಗತ್ತಲಲ್ಲಿ ಇವರು ಮೊದಲ ಸಲ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ನಾನು ಹೋಗೋದೂ ಹೀಗೇ ಕಾಣ್ತಿತ್ತಾ ನಿನಗೆ?"

ಬೈಯಲು ಮೂವತ್ತನಾಲ್ಕು ವರ್ಷದಿಂದ ಮಾತು ಕೂಡಿಟ್ಟುಕೊಂಡವಳು ನಾನು. ಒಂದೂ ನೆನಪಾಗಲಿಲ್ಲ.

"ಹೂಂ," ಎಂದೆ. "ಹೀಗೇ."

ಇನ್ನು ನೀವು ಮೇಲೆ ಹೋಗಬಹುದು ಎಂದು ನಾವಿಕ ಹೇಳಿದ. ಇವರು ನನ್ನ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಎಲ್ಲಿಗೂ ಹೋಗಲಿಲ್ಲ.